ಮಿತವ್ಯಯದಲ್ಲಿ ಆಟದ ಕಂಪ್ಯೂಟರ್ ಕಟ್ಟುವ ಬಗೆ

ಕಂಪ್ಯೂಟರಿನ ಪರದೆಯ ಮೇಲೆ ಓಡುವ ಬಂಡಿ, ಹಾರುವ ಚೆಂಡು, ಸುರಿಯುವ ಮಳೆ ಇವೆಲ್ಲ ನೋಡುವವರಿಗೆ ಚಲನೆಯಾಗಿ ತೋರಿದರೂ ವಾಸ್ತವವಾಗಿ ಅಲ್ಲಿ ಚಲಿಸುವ ವಸ್ತು ಒಂದೂ ಇಲ್ಲ. ಸ್ಥಿರವಾದ ಚಿತ್ರಗಳು ಒಂದರ ಹಿಂದೊಂದು ಮೂಡಿ ಮರೆಯಾಗುತ್ತವೆ. ಕಣ್ಣು ಅವನ್ನು ಚಲನೆಯೆಂದು ಗ್ರಹಿಸುತ್ತದೆ. ಚಲನಚಿತ್ರದ ತತ್ತ್ವವೂ ಇದೇ. ಅಲ್ಲಿ ಸೆಕೆಂಡಿಗೆ 24 ಚಿತ್ರಗಳು ಕಣ್ಣ ಮುಂದೆ ಹಾಯುತ್ತವೆ. ಆದರೆ ಎರಡಕ್ಕೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಚಲನಚಿತ್ರದ ಚಿತ್ರಗಳು ಮೊದಲೇ ತೆಗೆದು ಸಿದ್ಧವಾಗಿಟ್ಟವು. ಆಟದಲ್ಲಾದರೋ ಆಡುವವನು ಮುಂದಿನ ಕ್ಷಣದಲ್ಲಿ ಎಡಕ್ಕೆ ತಿರುಗುವನೋ ಬಲಕ್ಕೆ ತಿರುಗುವನೋ ಯಾರಿಗೂ ತಿಳಿಯದು. ಆದುದರಿಂದ ಪ್ರತಿಯೊಂದು ಚಿತ್ರವನ್ನೂ ಆಯಾ ಕ್ಷಣದಲ್ಲಿಯೇ ಲೆಕ್ಕಹಾಕಿ ಬರೆಯಬೇಕಾಗುತ್ತದೆ. ಈ ಬರೆಯುವ ಕೆಲಸವೇ ಆಟದ ಕಂಪ್ಯೂಟರಿನ ನಿಜವಾದ ಹೊರೆ.

ಇಂತಹ ಕಂಪ್ಯೂಟರನ್ನು ಬಿಡಿ ಭಾಗಗಳಿಂದ ತಾವೇ ಜೋಡಿಸಿಕೊಳ್ಳಬೇಕೆಂಬ ಹಂಬಲ ಅನೇಕ ವಿದ್ಯಾರ್ಥಿಗಳಲ್ಲಿ ಇರುತ್ತದೆ. ಅವರ ಕೈಯಲ್ಲಿರುವುದು ಮನೆಯವರು ಕೂಡಿಸಿ ಕೊಟ್ಟ ಹಣ. ಅದು ಮಿತವಾದುದು, ಎರಡನೆಯ ಸಲ ಸಿಕ್ಕುವಂಥದಲ್ಲ. ಆ ಹಣದ ಬಹುಪಾಲನ್ನು ಒಂದೇ ಭಾಗಕ್ಕೆ ಸುರಿದು, ಉಳಿದುದರಲ್ಲಿ ಏನೋ ಒಂದನ್ನು ಹೊಂದಿಸಿದರೆ, ದುಬಾರಿಯಾದ ಆ ಭಾಗವು ತನ್ನ ಶಕ್ತಿಯ ಅರ್ಧವನ್ನೂ ತೋರಿಸಲಾರದೆ ಸುಮ್ಮನೆ ಕುಳಿತಿರುತ್ತದೆ. ಹಣವನ್ನು ಹೇಗೆ ಹಂಚಬೇಕು, ಯಾವುದರಲ್ಲಿ ಉಳಿಸಬಹುದು, ಯಾವುದರಲ್ಲಿ ಎಂದೆಂದಿಗೂ ಉಳಿಸಕೂಡದು ಎಂಬುದನ್ನು ಅಂಗಡಿಯವನ ಮಾತಿನಿಂದಲ್ಲದೆ ಸರಳವಾದ ಗಣಿತದಿಂದಲೇ ತಿಳಿಯಬಹುದು. ಈ ಪಾಠದ ಉದ್ದೇಶ ಅದೇ.

ಒಂದು ಚಿತ್ರಕ್ಕೆ ದೊರೆಯುವ ಸಮಯ

ಪರದೆಯ ಮೇಲಿನ ಚಿತ್ರವು ಪಿಕ್ಸೆಲ್ ಎಂಬ ಚಿಕ್ಕ ಚುಕ್ಕೆಗಳಿಂದ ಆಗಿದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಮಾನಿಟರಿನಲ್ಲಿ ಅಡ್ಡ ಸಾಲಿಗೆ 1920 ಚುಕ್ಕೆಗಳಂತೆ 1080 ಸಾಲುಗಳಿರುತ್ತವೆ. ಇವೆರಡನ್ನೂ ಗುಣಿಸಿದರೆ 20,73,600 ಚುಕ್ಕೆಗಳಾದುವು. ಆಟವು ತಡೆಯಿಲ್ಲದೆ ಹರಿಯಬೇಕಾದರೆ ಸೆಕೆಂಡಿಗೆ 60 ಚಿತ್ರಗಳಾದರೂ ಬೇಕೆಂದು ಇಟ್ಟುಕೊಳ್ಳೋಣ. ಆಗ ಪ್ರತಿ ಸೆಕೆಂಡಿಗೂ 12,44,16,000 ಚುಕ್ಕೆಗಳ ಬಣ್ಣವನ್ನು ನಿರ್ಧರಿಸಬೇಕಾಯಿತು. ಅಲ್ಲದೆ ಒಂದು ಚುಕ್ಕೆಯ ಬಣ್ಣವೆಂದರೆ ಒಂದೇ ಲೆಕ್ಕವಲ್ಲ. ಬೆಳಕು ಯಾವ ಕಡೆಯಿಂದ ಬೀಳುತ್ತದೆ, ನೆರಳು ಎಲ್ಲಿದೆ, ವಸ್ತುವಿನ ಮೇಲ್ಮೈ ನುಣುಪೋ ಒರಟೋ ಎಂಬುದಕ್ಕೆಲ್ಲ ಬೇರೆ ಬೇರೆ ಲೆಕ್ಕಗಳುಂಟು.

ಇದನ್ನೇ ಇನ್ನೊಂದು ಬಗೆಯಲ್ಲಿ ನೋಡೋಣ. ಒಂದು ಸೆಕೆಂಡಿನಲ್ಲಿ 1000 ಮಿಲಿಸೆಕೆಂಡುಗಳು. 60 ಚಿತ್ರಗಳು ಬೇಕೆಂದರೆ ಒಂದೊಂದು ಚಿತ್ರಕ್ಕೆ ದೊರೆಯುವ ಕಾಲ 16.7 ಮಿಲಿಸೆಕೆಂಡು ಮಾತ್ರ. ಸೆಕೆಂಡಿಗೆ 144 ಚಿತ್ರಗಳನ್ನು ತೋರಿಸಬಲ್ಲ ಮಾನಿಟರುಗಳೂ ಇವೆ. ಅವುಗಳ ಪೂರ್ಣ ಪ್ರಯೋಜನ ಪಡೆಯಬೇಕಾದರೆ 6.9 ಮಿಲಿಸೆಕೆಂಡಿನಲ್ಲಿ ಒಂದು ಚಿತ್ರ ಮುಗಿಯಬೇಕು. ಆಟದ ಕಂಪ್ಯೂಟರಿಗೆ ಹಣ ತೆರುವುದೆಂದರೆ ಈ ಮಿಲಿಸೆಕೆಂಡುಗಳನ್ನು ಕೊಳ್ಳುವುದೆಂದೇ ಅರ್ಥ.

ಇಬ್ಬರು ಕೆಲಸಗಾರರು

ಒಂದು ಚಿತ್ರವನ್ನು ಸಿದ್ಧಪಡಿಸುವ ಕೆಲಸ ಎರಡು ಭಾಗವಾಗಿ ಹಂಚಿಹೋಗಿದೆ. ಮೊದಲ ಭಾಗ ಪ್ರೊಸೆಸರಿನದು. ಆಡುವವನು ಯಾವ ಗುಂಡಿ ಒತ್ತಿದನು, ಚೆಂಡು ಗೋಡೆಗೆ ತಾಗಿತೇ ಇಲ್ಲವೇ, ಎದುರಾಳಿ ಮುಂದೇನು ಮಾಡಬೇಕು ಎಂಬುದನ್ನು ಅದು ನಿರ್ಣಯಿಸಿ, ಚಿತ್ರದಲ್ಲಿ ಯಾವ ಯಾವ ವಸ್ತು ಎಲ್ಲೆಲ್ಲಿ ಇರಬೇಕೆಂಬ ಪಟ್ಟಿಯನ್ನು ತಯಾರಿಸುತ್ತದೆ. ಎರಡನೆಯ ಭಾಗ ಗ್ರಾಫಿಕ್ಸ್ ಕಾರ್ಡಿನದು. ಅದು ಆ ಪಟ್ಟಿಯನ್ನು ನೋಡಿ ಲಕ್ಷಾಂತರ ಚುಕ್ಕೆಗಳಿಗೆ ಬಣ್ಣ ತುಂಬುತ್ತದೆ.

ಈ ಎರಡು ಕೆಲಸಗಳ ಸ್ವಭಾವವೇ ಬೇರೆ. ನಾಟಿಯ ದಿನದ ಗದ್ದೆಯನ್ನು ನೆನೆಯಿರಿ. ಯಾವ ಮಡಿಗೆ ಮೊದಲು ನೀರು ಬಿಡಬೇಕು, ಬದು ಎಲ್ಲಿ ಒಡೆದಿದೆ, ಸಸಿ ಸಾಲದಿದ್ದರೆ ಎಲ್ಲಿಂದ ತರಬೇಕು ಎಂಬುದನ್ನು ಒಬ್ಬ ಅನುಭವಿ ರೈತ ನಿರ್ಧರಿಸುತ್ತಾನೆ. ಒಂದು ನಿರ್ಧಾರ ಇನ್ನೊಂದನ್ನು ಅವಲಂಬಿಸಿರುವುದರಿಂದ ಅಲ್ಲಿ ನೂರು ಜನ ಸೇರಿದರೂ ಕೆಲಸ ಬೇಗನೆ ಆಗದು. ಸಸಿ ನೆಡುವ ಕೆಲಸವಾದರೋ ಹಾಗಲ್ಲ. ಸಾಲಾಗಿ ನಿಂತು ನೆಡುವ ಕೈಗಳು ಹೆಚ್ಚಿದಷ್ಟೂ ಗದ್ದೆ ಬೇಗ ತುಂಬುತ್ತದೆ. ಪ್ರೊಸೆಸರು ಆ ಅನುಭವಿ ರೈತನಂತೆ: ಅದರಲ್ಲಿ ಆರೋ ಎಂಟೋ ಚುರುಕಾದ ಗಣನಾಕೇಂದ್ರಗಳಿರುತ್ತವೆ, ಇವನ್ನು ಕೋರ್ ಎನ್ನುತ್ತಾರೆ. ಗ್ರಾಫಿಕ್ಸ್ ಕಾರ್ಡು ನೆಡುವವರ ಸಾಲಿನಂತೆ: ಅದರಲ್ಲಿ ಸಾವಿರಕ್ಕೂ ಮಿಕ್ಕಿದ ಸರಳ ಗಣನಾಘಟಕಗಳಿರುತ್ತವೆ. ಒಂದೊಂದರ ಜಾಣ್ಮೆ ಅಲ್ಪವಾದರೂ ಒಟ್ಟಿನ ದುಡಿಮೆ ಅಪಾರ.

ನಿಧಾನವಾದುದೇ ವೇಗವನ್ನು ನಿರ್ಣಯಿಸುತ್ತದೆ

ಗ್ರಾಫಿಕ್ಸ್ ಕಾರ್ಡು ಒಂದು ಚಿತ್ರವನ್ನು ಬರೆಯುತ್ತಿರುವಾಗ ಪ್ರೊಸೆಸರು ಸುಮ್ಮನಿರುವುದಿಲ್ಲ. ಅದು ಮುಂದಿನ ಚಿತ್ರದ ಪಟ್ಟಿಯನ್ನು ಸಿದ್ಧಮಾಡುತ್ತಿರುತ್ತದೆ. ಹೀಗೆ ಎರಡೂ ಏಕಕಾಲದಲ್ಲಿ ದುಡಿಯುವುದರಿಂದ, ಎರಡು ಚಿತ್ರಗಳ ನಡುವಣ ಕಾಲವು ಇಬ್ಬರಲ್ಲಿ ಯಾರು ಹೆಚ್ಚು ನಿಧಾನವೋ ಅವರ ಕಾಲಕ್ಕೆ ಸಮವಾಗುತ್ತದೆ. ಈ ಒಂದು ವಾಕ್ಯ ಮನಸ್ಸಿನಲ್ಲಿ ನಿಂತರೆ ಪಾಠದ ಮುಕ್ಕಾಲು ಪಾಲು ತಿಳಿದಂತೆಯೇ.

ಒಂದು ಉದಾಹರಣೆ. ಯಾವುದೋ ಆಟದಲ್ಲಿ ಪ್ರೊಸೆಸರಿಗೆ ಚಿತ್ರವೊಂದಕ್ಕೆ 6 ಮಿಲಿಸೆಕೆಂಡು, ಗ್ರಾಫಿಕ್ಸ್ ಕಾರ್ಡಿಗೆ 15 ಮಿಲಿಸೆಕೆಂಡು ಬೇಕೆಂದು ಭಾವಿಸೋಣ. ಸೆಕೆಂಡಿಗೆ ದೊರೆಯುವ ಚಿತ್ರಗಳು 1000ವನ್ನು 15ರಿಂದ ಭಾಗಿಸಿದಷ್ಟು, ಎಂದರೆ 66. ಈಗ ಹೆಚ್ಚು ಹಣ ತೆತ್ತು ಎರಡರಷ್ಟು ವೇಗದ ಪ್ರೊಸೆಸರನ್ನು ತಂದರೆ ಅದರ ಕೆಲಸ 3 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಚಿತ್ರಗಳ ಸಂಖ್ಯೆ ಮಾತ್ರ 66ರಲ್ಲಿಯೇ ನಿಲ್ಲುತ್ತದೆ. ಅದೇ ಹಣದಿಂದ 9 ಮಿಲಿಸೆಕೆಂಡಿನಲ್ಲಿ ಬರೆಯುವ ಕಾರ್ಡನ್ನು ತಂದಿದ್ದರೆ ಸಂಖ್ಯೆ 111ಕ್ಕೆ ಏರುತ್ತಿತ್ತು. ಇನ್ನೂ ಮುಂದೆ ಹೋಗಿ 4 ಮಿಲಿಸೆಕೆಂಡಿನ ಕಾರ್ಡನ್ನು ಕೊಂಡರೆ 250 ಚಿತ್ರಗಳು ಬರುತ್ತವೆಯೇ? ಬಾರವು. ಆಗ 6 ಮಿಲಿಸೆಕೆಂಡಿನ ಪ್ರೊಸೆಸರೇ ನಿಧಾನಿಯಾಗಿ ನಿಲ್ಲುವುದರಿಂದ 166ಕ್ಕೆ ಓಟ ಮುಗಿಯುತ್ತದೆ. ಮಡಿ ಹದವಾಗದಿದ್ದರೆ ನೆಡುವವರು ಎಷ್ಟು ಜನರಿದ್ದರೇನು, ಬದುವಿನ ಮೇಲೆ ಕುಳಿತಿರಬೇಕಷ್ಟೆ.

ಆಯ್ಕೆ ಮಾನಿಟರಿನಿಂದ ಆರಂಭವಾಗಬೇಕು

ಈ ತತ್ತ್ವವನ್ನು ಒಪ್ಪಿದ ಮೇಲೆ ಭಾಗಗಳ ಆಯ್ಕೆಯನ್ನು ಎಲ್ಲಿಂದ ತೊಡಗಬೇಕು ಎಂಬ ಪ್ರಶ್ನೆ ಏಳುತ್ತದೆ. ಬಹುಮಂದಿ ಪ್ರೊಸೆಸರಿನಿಂದ ತೊಡಗುತ್ತಾರೆ. ಮಾನಿಟರಿನಿಂದ ತೊಡಗುವುದು ಉತ್ತಮ. ಏಕೆಂದರೆ ಗ್ರಾಫಿಕ್ಸ್ ಕಾರ್ಡು ಬರೆಯಬೇಕಾದ ಚುಕ್ಕೆಗಳ ಸಂಖ್ಯೆಯನ್ನು ನಿಗದಿಮಾಡುವುದು ಮಾನಿಟರೇ. 2560×1440 ಚುಕ್ಕೆಗಳ ಮಾನಿಟರಿನಲ್ಲಿ 36,86,400 ಚುಕ್ಕೆಗಳಿವೆ; ಇದು 1920×1080ರ 1.78ರಷ್ಟು. 3840×2160ರ ಮಾನಿಟರಿನಲ್ಲಾದರೋ 82,94,400 ಚುಕ್ಕೆಗಳು, ಎಂದರೆ ಸರಿಯಾಗಿ ನಾಲ್ಕರಷ್ಟು. ಪ್ರೊಸೆಸರಿನ ಕೆಲಸ ಇದರಿಂದ ಹೆಚ್ಚೇನೂ ಬದಲಾಗದು. ಚೆಂಡು ಗೋಡೆಗೆ ತಾಗಿತೇ ಎಂಬ ಲೆಕ್ಕಕ್ಕೂ ಚುಕ್ಕೆಗಳ ಸಂಖ್ಯೆಗೂ ಸಂಬಂಧವಿಲ್ಲ. ಹೊರೆಯೆಲ್ಲ ಕಾರ್ಡಿನ ಮೇಲೆ. ಮಿತವಾದ ಹಣದಲ್ಲಿ 1920×1080ರ ಮಾನಿಟರೇ ವಿವೇಕದ ಆಯ್ಕೆ.

ಅಲ್ಲಿಂದ ಮುಂದೆ ಹಣದ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ, ಅದಕ್ಕಿಂತ ಕಡಿಮೆ ಪ್ರೊಸೆಸರಿಗೆ, ಉಳಿದುದು ಇತರ ಭಾಗಗಳಿಗೆ ಎಂಬುದು ಸಾಮಾನ್ಯ ನಿಯಮ. ಚದುರಂಗ, ನಗರ ಕಟ್ಟುವ ಆಟ ಮುಂತಾಗಿ ನಿರ್ಣಯಗಳೇ ಹೆಚ್ಚಾಗಿರುವ ಆಟಗಳನ್ನು ಆಡುವವರಿಗೆ ಮಾತ್ರ ಪ್ರೊಸೆಸರಿನ ಪಾಲನ್ನು ಹೆಚ್ಚಿಸಬೇಕಾಗುತ್ತದೆ.

ಬೇರೆ ಬೇರೆ ಕಾರ್ಖಾನೆಗಳ ಭಾಗಗಳು ಒಂದಕ್ಕೊಂದು ಹೊಂದುವುದಾದರೂ ಹೇಗೆ ಎಂದು ಕೇಳಬಹುದು. 1981ರಲ್ಲಿ ಐಬಿಎಂ ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರ ರಚನೆಯನ್ನು ಗುಟ್ಟಾಗಿಡಲಿಲ್ಲ. ಇತರರೂ ಅದಕ್ಕೆ ಹೊಂದುವ ಭಾಗಗಳನ್ನು ತಯಾರಿಸತೊಡಗಿದರು. 1995ರಲ್ಲಿ ಇಂಟೆಲ್ ಸಂಸ್ಥೆ ಎಟಿಎಕ್ಸ್ ಎಂಬ ಅಳತೆಯ ಕಟ್ಟಳೆಯನ್ನು ಪ್ರಕಟಿಸಿತು. ಮದರ್‌ಬೋರ್ಡಿನ ತಿರುಪಿನ ತೂತುಗಳು ಎಲ್ಲಿರಬೇಕು, ವಿದ್ಯುತ್ತಿನ ಜೋಡಣೆ ಹೇಗಿರಬೇಕು ಎಂಬುದನ್ನು ಅದು ಗೊತ್ತುಪಡಿಸಿದೆ. ಆದುದರಿಂದಲೇ ಇಂದಿಗೂ ಬೆಂಗಳೂರಿನ ಎಸ್. ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಕ್ಯಾಬಿನೆಟ್ಟನ್ನೂ ಇನ್ನೊಂದರಲ್ಲಿ ಬೋರ್ಡನ್ನೂ ಕೊಂಡರೆ ಅವು ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಅಭ್ಯಾಸಕ್ಕಾಗಿ ಒಂದು ಮಾದರಿ

ಬೆಲೆಗಳು ದಿನದಿನಕ್ಕೆ ಏರಿಳಿಯುವುದರಿಂದ ಅವನ್ನು ಇಲ್ಲಿ ಹೇಳುವುದು ವ್ಯರ್ಥ. ಆದರೆ ಗುಣಗಳು ಬದಲಾಗುವುದಿಲ್ಲ. ಮಿತವ್ಯಯದ ಜೋಡಣೆಯಲ್ಲಿ ಹೆಸರಾದ ಒಂದು ಜೊತೆಯನ್ನು ತೆಗೆದುಕೊಂಡು ಲೆಕ್ಕ ನೋಡೋಣ. ಇದೇ ರೀತಿಯಲ್ಲಿ ಬೇರೆ ಯಾವ ಜೊತೆಯನ್ನಾದರೂ ತೂಗಿ ನೋಡಬಹುದು.

ಪ್ರೊಸೆಸರು: ಎಎಂಡಿ ಸಂಸ್ಥೆ 2022ರಲ್ಲಿ ಹೊರತಂದ ರೈಜೆನ್ 5 5600. ಇದರಲ್ಲಿ 6 ಕೋರ್‌ಗಳಿವೆ. ಗರಿಷ್ಠ ವೇಗ 4.4 ಗಿಗಾಹರ್ಟ್ಸ್. ಗ್ರಾಫಿಕ್ಸ್ ಕಾರ್ಡು: ಅದೇ ಸಂಸ್ಥೆಯ ರೇಡಿಯಾನ್ ಆರ್‌ಎಕ್ಸ್ 6600. 2021ರಲ್ಲಿ ಬಂದ ಈ ಕಾರ್ಡಿನಲ್ಲಿ 1792 ಗಣನಾಘಟಕಗಳೂ 8 ಗಿಗಾಬೈಟ್ ಸ್ವಂತ ಮೆಮೊರಿಯೂ ಇವೆ. ಇದು 1920×1080ರ ಪರದೆಯನ್ನೇ ಗುರಿಯಾಗಿಟ್ಟು ರಚಿಸಿದುದು.

ಇಲ್ಲಿ ಒಂದು ಎಚ್ಚರಿಕೆ. 5600 ಪ್ರೊಸೆಸರಿನಲ್ಲಿ ಚಿತ್ರ ಬರೆಯುವ ಅಂಗವೇ ಇಲ್ಲ. ಕಾರ್ಡು ಇಲ್ಲದೆ ಪರದೆಯಲ್ಲಿ ಏನೂ ಮೂಡದು. ಕಾರ್ಡಿಗೆ ಹಣ ಈಗಲೇ ಕೂಡದಿದ್ದರೆ 2021ರ ರೈಜೆನ್ 5 5600ಜಿ ಎಂಬುದನ್ನು ನೋಡಬಹುದು. ಅದರೊಳಗೇ ಒಂದು ಚಿಕ್ಕ ಚಿತ್ರಾಂಗವುಂಟು. ಹಗುರವಾದ ಆಟಗಳನ್ನು ಅದರಲ್ಲಿ ಆಡುತ್ತ, ಪಾಠದ ಕೆಲಸಗಳನ್ನೂ ಮಾಡುತ್ತ ಇದ್ದು, ಮುಂದಿನ ವರ್ಷ ಕಾರ್ಡನ್ನು ಸೇರಿಸಬಹುದು. ಆದರೆ ಪ್ರೊಸೆಸರಿನೊಳಗಣ ಕ್ಯಾಶ್ ಎಂಬ ವೇಗದ ಮೆಮೊರಿ 5600ರಲ್ಲಿ 32 ಮೆಗಾಬೈಟ್ ಇದ್ದರೆ 5600ಜಿಯಲ್ಲಿ 16 ಮಾತ್ರ. ಕಾರ್ಡು ಬಂದ ಮೇಲೆ ಆಟದಲ್ಲಿ ಅದು ತುಸು ಹಿಂದುಳಿಯುವುದು ಇದರಿಂದಲೇ.

ಮದರ್‌ಬೋರ್ಡನ್ನು ಆರಿಸುವಾಗ ಪ್ರೊಸೆಸರು ಕೂರುವ ಸಾಕೆಟ್ಟನ್ನು ಮೊದಲು ನೋಡಬೇಕು. ಮೇಲಿನ ಎರಡೂ ಪ್ರೊಸೆಸರುಗಳು ಎಎಂ4 ಎಂಬ ಸಾಕೆಟ್ಟಿನವು. ಅದಕ್ಕೆ ಡಿಡಿಆರ್4 ಜಾತಿಯ ರ‍್ಯಾಮ್ ಬೇಕು. 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೆ ಡಿಡಿಆರ್5 ಮಾತ್ರ ಹೊಂದುತ್ತದೆ. ಒಂದರದು ಇನ್ನೊಂದಕ್ಕೆ ಕೂರದು. ಹಳೆಯದು ಅಗ್ಗವಾಗಿ ದೊರೆಯಬಹುದು. ಹೊಸದು ಮುಂದಿನ ಪ್ರೊಸೆಸರುಗಳಿಗೆ ದಾರಿ ತೆರೆದಿಡುತ್ತದೆ. ಬೋರ್ಡು ಮತ್ತು ರ‍್ಯಾಮ್ ಎರಡರ ಬೆಲೆಯನ್ನೂ ಕೂಡಿಸಿ ನೋಡಿಯೇ ಈ ನಿರ್ಣಯವನ್ನು ಮಾಡತಕ್ಕದ್ದು.

ರ‍್ಯಾಮ್ ಒಂಟಿಯೋ ಜೋಡಿಯೋ

ರ‍್ಯಾಮ್‌ನಲ್ಲಿ ಸಾಮರ್ಥ್ಯವನ್ನು ಎಲ್ಲರೂ ವಿಚಾರಿಸುತ್ತಾರೆ. ಸಾಗಣೆಯ ವೇಗವನ್ನು ವಿಚಾರಿಸುವವರು ಕಡಿಮೆ. ಡಿಡಿಆರ್4-3200 ಎಂಬ ಹೆಸರಿನ ರ‍್ಯಾಮ್ ಸೆಕೆಂಡಿಗೆ 320 ಕೋಟಿ ಸಲ, ಸಲಕ್ಕೆ 8 ಬೈಟ್‌ಗಳಂತೆ ಮಾಹಿತಿಯನ್ನು ಸಾಗಿಸುತ್ತದೆ. ಗುಣಿಸಿದರೆ ಸೆಕೆಂಡಿಗೆ 25.6 ಗಿಗಾಬೈಟ್. ಪ್ರೊಸೆಸರಿನಿಂದ ಇಂತಹ ದಾರಿಗಳು ಎರಡಿವೆ. 16 ಗಿಗಾಬೈಟಿನ ಒಂದೇ ಪಟ್ಟಿಯನ್ನು ಹಾಕಿದರೆ ಒಂದು ದಾರಿ ಬರಿದಾಗಿ ಉಳಿಯುತ್ತದೆ. 8 ಗಿಗಾಬೈಟಿನ ಎರಡು ಪಟ್ಟಿಗಳನ್ನು ಹಾಕಿದರೆ ಎರಡು ದಾರಿಗಳೂ ತುಂಬಿ ಸೆಕೆಂಡಿಗೆ 51.2 ಗಿಗಾಬೈಟ್ ಸಾಗುತ್ತದೆ. ಸಾಮರ್ಥ್ಯ ಅಷ್ಟೇ ಇದ್ದು ವೇಗ ಇಮ್ಮಡಿಯಾಯಿತು.

ಆರ್‌ಎಕ್ಸ್ 6600 ಕಾರ್ಡಿನ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 224 ಗಿಗಾಬೈಟ್. ಜೋಡಿ ರ‍್ಯಾಮ್‌ನ ನಾಲ್ಕು ಪಟ್ಟಿಗೂ ಹೆಚ್ಚಿದು. ಪ್ರೊಸೆಸರಿನೊಳಗಣ ಚಿತ್ರಾಂಗ ಏಕೆ ನಿಧಾನವೆಂಬುದು ಇದರಿಂದ ತಿಳಿಯುತ್ತದೆ: ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಪ್ರೊಸೆಸರಿನೊಡನೆ ಅದೇ ರ‍್ಯಾಮ್ ಅನ್ನು ಹಂಚಿಕೊಳ್ಳಬೇಕು. ಆದುದರಿಂದ ಕಾರ್ಡು ಇಲ್ಲದೆ ನಡೆಸುವವರು ಒಂಟಿ ಪಟ್ಟಿಯನ್ನು ಹಾಕಲೇ ಕೂಡದು.

ಸಂಗ್ರಹಕ್ಕೆ ಎಷ್ಟು ವೇಗ ಬೇಕು?

ನಿಮಿಷಕ್ಕೆ 7200 ಸಲ ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡನ್ನು ತೆಗೆದುಕೊಳ್ಳುತ್ತದೆ. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ 4 ಮಿಲಿಸೆಕೆಂಡಿಗೂ ಮಿಕ್ಕಿ ಕಾಯಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಈ ಕಾಯುವಿಕೆಯೂ ಇಲ್ಲ. ಇಂದಿನ ಆಟಗಳಿಗೆ ಎಸ್‌ಎಸ್‌ಡಿ ಇರಲೇಬೇಕು. ಆದರೆ ಅತ್ಯಂತ ವೇಗದ ಎಸ್‌ಎಸ್‌ಡಿ ಬೇಕೇ?

1967ರಲ್ಲಿ ಜೀನ್ ಆಮ್ಡಾಲ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞರು ಮಂಡಿಸಿದ ವಿಚಾರ ಇಲ್ಲಿ ನೆರವಾಗುತ್ತದೆ. ಒಂದು ಕೆಲಸದ ಒಂದು ಭಾಗವನ್ನು ಮಾತ್ರ ತ್ವರೆಗೊಳಿಸಿದರೆ, ಒಟ್ಟು ಲಾಭವು ಉಳಿದ ಭಾಗಕ್ಕೆ ಹಿಡಿಯುವ ಕಾಲದಿಂದ ಮಿತಿಗೊಳ್ಳುತ್ತದೆ ಎಂಬುದು ಅದರ ಸಾರ. ಆಟವೊಂದು ತೆರೆದುಕೊಳ್ಳಲು 30 ಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ಅದರಲ್ಲಿ ಓದಲು 20, ಓದಿದುದನ್ನು ಪ್ರೊಸೆಸರು ಬಿಚ್ಚಿ ಅಣಿಮಾಡಲು 10. ಹತ್ತು ಪಟ್ಟು ವೇಗದ ಸಂಗ್ರಹವನ್ನು ತಂದರೆ 20 ಸೆಕೆಂಡು 2 ಆಗುತ್ತದೆ, ಒಟ್ಟು 12. ಹತ್ತು ಪಟ್ಟು ವೇಗಕ್ಕೆ ದೊರೆತ ಫಲ ಎರಡೂವರೆ ಪಟ್ಟು. ಅಲ್ಲಿಂದ ಮುಂದೆ ಎಷ್ಟೇ ವೇಗದ್ದನ್ನು ತಂದರೂ 10 ಸೆಕೆಂಡಿಗಿಂತ ಕೆಳಕ್ಕೆ ಇಳಿಯಲು ಸಾಧ್ಯವಿಲ್ಲ. ಆದುದರಿಂದ ಸಾಧಾರಣ ವೇಗದ, ಆದರೆ ಆಟಗಳು ಹಿಡಿಸುವಷ್ಟು ದೊಡ್ಡದಾದ ಎಸ್‌ಎಸ್‌ಡಿಯೇ ಲಾಭಕರ.

ಉಳಿತಾಯ ಮಾಡಕೂಡದ ಸ್ಥಳ

ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗಿ ಮಾರ್ಪಡಿಸುವ ಪೆಟ್ಟಿಗೆಯನ್ನು ಅಂಗಡಿಗಳಲ್ಲಿ ಎಸ್‌ಎಂಪಿಎಸ್ ಎನ್ನುತ್ತಾರೆ. ಆಟದ ವೇಗವನ್ನು ಇದು ಒಂದು ಚಿತ್ರದಷ್ಟೂ ಹೆಚ್ಚಿಸದು. ಆದುದರಿಂದಲೇ ಹಣ ಸಾಲದಾಗ ಮೊದಲು ಕತ್ತರಿ ಬೀಳುವುದು ಇದಕ್ಕೆ. ಆದರೆ ಇದು ಕೆಟ್ಟರೆ ಉಳಿದೆಲ್ಲ ಭಾಗಗಳನ್ನೂ ತನ್ನೊಡನೆ ಸುಟ್ಟುಬಿಡಬಹುದು.

ನಮ್ಮ ಮಾದರಿಯ ಲೆಕ್ಕ ಹೀಗಿದೆ: ಗ್ರಾಫಿಕ್ಸ್ ಕಾರ್ಡಿಗೆ 132 ವಾಟ್, ಪ್ರೊಸೆಸರಿಗೆ ಗರಿಷ್ಠ 76 ವಾಟ್, ಬೋರ್ಡು, ರ‍್ಯಾಮ್, ಸಂಗ್ರಹ, ಪಂಖಗಳಿಗೆಲ್ಲ ಸೇರಿ 50 ವಾಟ್ ಎಂದು ಹಿಡಿಯೋಣ. ಒಟ್ಟು 258. ಕಾರ್ಡು ಕ್ಷಣಮಾತ್ರ ಹೆಚ್ಚು ವಿದ್ಯುತ್ತನ್ನು ಎಳೆಯುವುದುಂಟು. ಅದಕ್ಕೂ ಮುಂದಿನ ದಿನಗಳಿಗೂ ಅವಕಾಶವಿಟ್ಟು 450ರಿಂದ 550 ವಾಟಿನದನ್ನು ಆರಿಸಬೇಕು. 132 ವಾಟನ್ನು 12 ವೋಲ್ಟಿನಲ್ಲಿ ಒದಗಿಸಬೇಕಾದರೆ 11 ಆಂಪೇರಿನ ಪ್ರವಾಹ ಹರಿಯಬೇಕು; ತೆಳುವಾದ ತಂತಿಯ ಅಗ್ಗದ ಪೆಟ್ಟಿಗೆ ಏಕೆ ಬಿಸಿಯೇರುವುದೆಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗೆ ಬಿಡಿಸಿ ಹೇಳಬೇಕಾಗಿಲ್ಲ.

80 ಪ್ಲಸ್ ಎಂಬ ಗುರುತು ಇರುವ ಪೆಟ್ಟಿಗೆಗಳ ದಕ್ಷತೆಯನ್ನು ಪರೀಕ್ಷಿಸಿರುತ್ತಾರೆ. ದಕ್ಷತೆ ಶೇಕಡ 85 ಆದರೆ 258 ವಾಟಿಗಾಗಿ ಗೋಡೆಯಿಂದ ಸುಮಾರು 303 ವಾಟ್ ಎಳೆಯಬೇಕಾಗುತ್ತದೆ. ಮಾನಿಟರಿಗೆ ಇನ್ನು 25 ಸೇರಿಸಿದರೆ ಸುಮಾರು 330. ದಿನಕ್ಕೆ 3 ಗಂಟೆಯಂತೆ 30 ದಿನ ಆಡಿದರೆ ತಿಂಗಳಿಗೆ ಹೆಚ್ಚುಕಡಿಮೆ 30 ಯೂನಿಟ್ ವಿದ್ಯುತ್ತು. ಇದೂ ಬೆಲೆಯ ಒಂದು ಭಾಗವೇ. ಮನೆಯ ಬಿಲ್ಲಿನ ದರದಿಂದ ಗುಣಿಸಿ ನೋಡಿ. ಯುಪಿಎಸ್ ಕೊಳ್ಳುವವರೂ ಈ 330ನ್ನು ನೆನಪಿನಲ್ಲಿಡಬೇಕು. 600 ವಿಎ ಎಂದು ಬರೆದ ಯುಪಿಎಸ್ ಸಾಮಾನ್ಯವಾಗಿ 360 ವಾಟ್ ಮಾತ್ರ ಕೊಡಬಲ್ಲುದು.

ಭೂಸಂಪರ್ಕದ ವಿಷಯವನ್ನು ಇಲ್ಲಿಯೇ ಹೇಳಬೇಕು. ಎಸ್‌ಎಂಪಿಎಸ್ಸಿನಲ್ಲಿ ವಿದ್ಯುತ್ತಿನ ಎರಡು ತಂತಿಗಳಿಂದಲೂ ಲೋಹದ ಕವಚಕ್ಕೆ ಒಂದೊಂದು ಚಿಕ್ಕ ಕೆಪಾಸಿಟರನ್ನು ಜೋಡಿಸಿರುತ್ತಾರೆ. ಗೊಂದಲದ ಸಂಕೇತಗಳು ಅದರ ಮೂಲಕ ನೆಲಕ್ಕೆ ಹರಿದುಹೋಗಲೆಂದು. ಭೂತಂತಿ ಇಲ್ಲದ ಪ್ಲಗ್ಗಿನಲ್ಲಿ ಈ ಎರಡು ಕೆಪಾಸಿಟರುಗಳು ವೋಲ್ಟನ್ನು ಅರ್ಧಮಾಡಿ ಹಂಚುವುದರಿಂದ ಕವಚದ ಮೇಲೆ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಪ್ರವಾಹ ಅತ್ಯಲ್ಪವಾದುದರಿಂದ ಕೈ ಝುಮ್ಮೆನ್ನುವುದು ಮಾತ್ರ. ಆದರೂ ಅದು ಭಾಗಗಳಿಗೆ ಕೇಡು, ಮತ್ತು ಒಳಗೆ ನಿಜವಾದ ದೋಷ ಉಂಟಾದ ದಿನ ಮನುಷ್ಯನಿಗೂ ಅಪಾಯ. ಮೂರನೆಯ ಕಡ್ಡಿಯನ್ನು ಕಿತ್ತು ಪ್ಲಗ್ ಹಾಕುವ ಅಭ್ಯಾಸವನ್ನು ಬಿಡಬೇಕು. ಎಸ್‌ಎಂಪಿಎಸ್ಸಿನ ಪೆಟ್ಟಿಗೆಯನ್ನಂತೂ ಬಿಚ್ಚಲೇ ಕೂಡದು. ತಂತಿ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತು ಉಳಿದಿರಬಹುದು.

ಜೋಡಣೆಯ ಕ್ರಮ

ಜೋಡಣೆಗೆ ಬೇಕಾದ ಉಪಕರಣ ಒಂದು ಸ್ಕ್ರೂ ಡ್ರೈವರ್ ಮಾತ್ರ. ಬೇಕಾದ ಗುಣ ತಾಳ್ಮೆ. ಒಣ ಹವೆಯಲ್ಲಿ ನಡೆದಾಡುವಾಗ ಮೈಮೇಲೆ ಸ್ಥಿರವಿದ್ಯುತ್ತು ಕೂಡುತ್ತದೆ. ಅದರ ಕಿಡಿ ನಮ್ಮ ಬೆರಳಿಗೆ ತಿಳಿಯಬೇಕಾದರೆ ಸುಮಾರು 3000 ವೋಲ್ಟ್ ಆಗಬೇಕು. ಅದಕ್ಕಿಂತ ಎಷ್ಟೋ ಕಡಿಮೆಯ, ನಮಗೆ ಗೊತ್ತೇ ಆಗದ ಕಿಡಿಯಿಂದಲೂ ಚಿಪ್ಪುಗಳು ಹಾಳಾಗಬಹುದು. ಆದುದರಿಂದ ಕೆಲಸದ ನಡುವೆ ಆಗಾಗ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟುತ್ತಿರಬೇಕು; ಭಾಗಗಳನ್ನು ಅಂಚಿನಲ್ಲಿ ಹಿಡಿಯಬೇಕು.

ಮೊದಲು ಬೋರ್ಡನ್ನು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಪ್ರೊಸೆಸರನ್ನು ಕೂರಿಸಿ. ಪ್ರೊಸೆಸರಿನ ಮೂಲೆಯ ತ್ರಿಕೋನವೂ ಸಾಕೆಟ್ಟಿನ ತ್ರಿಕೋನವೂ ಒಂದೇ ಕಡೆ ಇರಬೇಕು. ಸನ್ನೆಯನ್ನು ಎತ್ತಿ ಇಟ್ಟರೆ ಪ್ರೊಸೆಸರು ತನ್ನ ಭಾರದಿಂದಲೇ ಇಳಿಯುತ್ತದೆ. ಒತ್ತಬೇಕಾಗಿ ಬಂದರೆ ಎಲ್ಲಿಯೋ ತಪ್ಪಿದೆ ಎಂದು ತಿಳಿಯಿರಿ. ಅನಂತರ ರ‍್ಯಾಮ್: ನಾಲ್ಕು ಜಾಗಗಳಿದ್ದರೆ ಪ್ರೊಸೆಸರಿನ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು ಸಾಮಾನ್ಯವಾಗಿ ಜೋಡಿಯ ಜಾಗ, ಬೋರ್ಡಿನ ಕೈಪಿಡಿಯನ್ನು ನೋಡಿ ಖಚಿತಪಡಿಸಿಕೊಳ್ಳಿ. ಆಮೇಲೆ ಎಸ್‌ಎಸ್‌ಡಿ, ಅನಂತರ ಪ್ರೊಸೆಸರಿನ ಕೂಲರ್.

ಪ್ರೊಸೆಸರು ಮತ್ತು ಕೂಲರ್‌ಗಳ ನಡುವೆ ಪೇಸ್ಟ್ ಏಕೆ? ನುಣುಪಾಗಿ ಕಂಡರೂ ಎರಡು ಲೋಹಗಳ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಹಳ್ಳಗಳಿವೆ. ಅವುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿ ಉಷ್ಣದ ಅತಿ ಹೀನ ವಾಹಕ. ಆ ಹಳ್ಳಗಳನ್ನು ತುಂಬುವುದಷ್ಟೇ ಪೇಸ್ಟಿನ ಕೆಲಸ. ದಪ್ಪವಾಗಿ ಬಳಿದರೆ ಅದೇ ತಡೆಯಾಗುತ್ತದೆ. ಪ್ರೊಸೆಸರಿನೊಡನೆ ಬರುವ ಕೂಲರಿನಲ್ಲಿ ಪೇಸ್ಟ್ ಬಳಿದೇ ಇರುವುದುಂಟು, ಅದನ್ನು ಒರೆಸಬೇಡಿ.

ಬಳಿಕ ಕ್ಯಾಬಿನೆಟ್ಟಿನಲ್ಲಿ ಹಿತ್ತಾಳೆಯ ಗೂಟಗಳನ್ನು ಹಾಕಿ ಅವುಗಳ ಮೇಲೆ ಬೋರ್ಡನ್ನು ಕೂರಿಸಬೇಕು. ಗೂಟ ಮರೆತರೆ ಬೋರ್ಡಿನ ಹಿಂಬದಿ ಲೋಹಕ್ಕೆ ತಾಗಿ ಷಾರ್ಟ್ ಆಗುತ್ತದೆ. ಬೋರ್ಡಿಗೆ 24 ಕಡ್ಡಿಯ ತಂತಿ, ಪ್ರೊಸೆಸರಿಗೆ 8 ಕಡ್ಡಿಯದು, ಕಾರ್ಡಿಗೆ ಬೇರೆ 8 ಕಡ್ಡಿಯದು. ಕೊನೆಯ ಎರಡು ನೋಡಲು ಒಂದೇ ತೆರನಾದರೂ ಅದಲುಬದಲಾಗಬಾರದು. ಬಲವಂತ ಮಾಡಿದರೆ ಅನಾಹುತ. ಕಟ್ಟಕಡೆಗೆ ಗ್ರಾಫಿಕ್ಸ್ ಕಾರ್ಡು. ಮಾನಿಟರಿನ ತಂತಿಯನ್ನು ಬೋರ್ಡಿಗಲ್ಲದೆ ಕಾರ್ಡಿಗೇ ಚುಚ್ಚಬೇಕು.

ಯಂತ್ರ ನಡೆದ ಮೇಲೂ ಒಂದು ಕೆಲಸ ಉಳಿದಿದೆ. 3200ರ ರ‍್ಯಾಮ್ ಮೊದಲ ಸಲ 2133 ಅಥವಾ 2400ರ ವೇಗದಲ್ಲಿ ಮಾತ್ರ ನಡೆಯುವುದುಂಟು. ಬಯಾಸ್ ಎಂಬ ಆರಂಭದ ಪರದೆಯಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ತೆರೆದರೆ ಅದು ತನ್ನ ಪೂರ್ಣ ವೇಗಕ್ಕೆ ಬರುತ್ತದೆ. ಇದಕ್ಕೆ ಖರ್ಚಿಲ್ಲ; ಆದರೂ ಎಷ್ಟೋ ಕಂಪ್ಯೂಟರುಗಳು ವರ್ಷಗಟ್ಟಲೆ ಹೀಗೆಯೇ ಕುಂಟುತ್ತಿರುತ್ತವೆ.

ನಿಧಾನಿಯನ್ನು ಹಿಡಿಯುವ ಪ್ರಯೋಗ

ನಮ್ಮ ಯಂತ್ರದಲ್ಲಿ ನಿಧಾನಿ ಯಾರೆಂದು ಯಾರನ್ನೂ ಕೇಳದೆ ನಾವೇ ಕಂಡುಹಿಡಿಯಬಹುದು. ಆಟದಲ್ಲಿ ಚಿತ್ರಗಳ ಸಂಖ್ಯೆಗೆ ಹಾಕಿದ ಮಿತಿಯನ್ನು ಮೊದಲು ತೆಗೆದು, 1920×1080ರಲ್ಲಿ ಸೆಕೆಂಡಿಗೆ ಎಷ್ಟು ಚಿತ್ರಗಳು ಬರುವುವೆಂದು ಬರೆದಿಡಿ. ಅನಂತರ ಅದೇ ಸ್ಥಳದಲ್ಲಿ ನಿಂತು 1280×720ಕ್ಕೆ ಇಳಿಸಿ ನೋಡಿ. ಚುಕ್ಕೆಗಳು 9ರಲ್ಲಿ 4 ಪಾಲಿಗೆ ಇಳಿದುವು. ಚಿತ್ರಗಳ ಸಂಖ್ಯೆ ಚೆನ್ನಾಗಿ ಏರಿದರೆ ಮೊದಲು ಹೊರೆ ಹೊತ್ತು ಬಳಲುತ್ತಿದ್ದುದು ಕಾರ್ಡು. ಏರದಿದ್ದರೆ ನಿಧಾನಿ ಪ್ರೊಸೆಸರು. ಆಗ ಹೊಸ ಕಾರ್ಡಿಗೆ ಹಣ ಹಾಕುವುದು ವ್ಯರ್ಥ. ಹಳೆಯ ಕಂಪ್ಯೂಟರ್ ಇರುವವರು ಹೊಸ ಭಾಗವನ್ನು ಕೊಳ್ಳುವ ಮುನ್ನವೇ ಈ ಪ್ರಯೋಗವನ್ನು ಮಾಡಿ ನೋಡತಕ್ಕದ್ದು.

ಜೊತೆಗೆ ಉಷ್ಣತೆಯನ್ನೂ ಗಮನಿಸಬೇಕು. ಕಂಪ್ಯೂಟರು ಎಳೆಯುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಕೋಣೆಗೆ ಸೇರುತ್ತದೆ. ಕೋಣೆಯ ಉಷ್ಣತೆ 15 ಡಿಗ್ರಿ ಏರಿದರೆ ಒಳಗಿನ ಭಾಗಗಳದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಇದು ಸಣ್ಣ ಮಾತಲ್ಲ. ಮಿತಿ ಮೀರಿದಾಗ ಪ್ರೊಸೆಸರೂ ಕಾರ್ಡೂ ತಮ್ಮನ್ನು ಕಾಪಾಡಿಕೊಳ್ಳಲು ತಾವಾಗಿಯೇ ವೇಗವನ್ನು ತಗ್ಗಿಸುತ್ತವೆ. ಮುಂದೆ ಗಾಳಿ ಒಳಕ್ಕೆ, ಹಿಂದೆ ಹೊರಕ್ಕೆ ಹೋಗುವಂತೆ ಎರಡು ಪಂಖಗಳೂ, ತಿಂಗಳಿಗೊಮ್ಮೆ ಧೂಳು ತೆಗೆಯುವ ಅಭ್ಯಾಸವೂ ಇದ್ದರೆ ಸಾಕು.

ಉಳಿತಾಯದ ಸ್ಥಳಗಳು

ಬಣ್ಣದ ದೀಪಗಳು, ಗಾಜಿನ ಕ್ಯಾಬಿನೆಟ್, ನೀರಿನಿಂದ ತಂಪುಗೊಳಿಸುವ ಏರ್ಪಾಡು, ಬೇಡದ ಜೋಡಣೆಗಳಿಂದ ತುಂಬಿದ ಬೋರ್ಡು ಇವು ಯಾವುವೂ ನಮ್ಮ ಮಾದರಿಗೆ ಅವಶ್ಯವಲ್ಲ. ಕಾರ್ಯಕಾರಿ ತಂತ್ರಾಂಶವಾಗಿ ಲಿನಕ್ಸನ್ನು ಬಳಸಿದರೆ ಅದರ ಬೆಲೆಯೂ ಉಳಿಯುತ್ತದೆ. ವಿಂಡೋಸಿಗಾಗಿ ಬರೆದ ಆಟಗಳನ್ನು ಲಿನಕ್ಸಿನಲ್ಲಿ ನಡೆಸುವ ಪ್ರೋಟಾನ್ ಎಂಬ ಸಾಧನವನ್ನು ವಾಲ್ವ್ ಸಂಸ್ಥೆ 2018ರಲ್ಲಿ ಬಿಡುಗಡೆ ಮಾಡಿತು. ಅನೇಕ ಆಟಗಳು ಅದರಲ್ಲಿ ನಡೆಯುತ್ತವೆ. ಮೋಸ ತಡೆಯುವ ತಂತ್ರಾಂಶವನ್ನು ಅಳವಡಿಸಿದ ಕೆಲವು ಅಂತರ್ಜಾಲದ ಆಟಗಳು ಮಾತ್ರ ನಡೆಯುವುದಿಲ್ಲ. ನೀವು ಆಡುವ ಆಟ ಯಾವುದೆಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ.

ಬಳಸಿದ ಭಾಗಗಳನ್ನು ಕೊಳ್ಳುವುದರಲ್ಲಿ ಲಾಭವೂ ಉಂಟು, ಅಪಾಯವೂ ಉಂಟು. ಗ್ರಾಫಿಕ್ಸ್ ಕಾರ್ಡುಗಳಿಂದ ಈಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಗಳಿಸುವ ಪದ್ಧತಿ 2022ರ ಸೆಪ್ಟೆಂಬರಿನಲ್ಲಿ ಕೊನೆಗೊಂಡಾಗ, ಹಗಲಿರುಳು ದುಡಿದ ಕಾರ್ಡುಗಳು ಬಹುಸಂಖ್ಯೆಯಲ್ಲಿ ಮಾರಾಟಕ್ಕೆ ಬಂದುವು. ಬಳಸಿದ ಕಾರ್ಡನ್ನು ಕೊಳ್ಳುವುದಾದರೆ ಅರ್ಧ ಗಂಟೆಯಾದರೂ ಕಣ್ಣೆದುರಿಗೆ ಆಟ ನಡೆಸಿ, ಪಂಖದ ಸದ್ದನ್ನು ಕೇಳಿ, ಉಷ್ಣತೆಯನ್ನು ನೋಡಿಯೇ ಹಣ ಕೊಡಬೇಕು. ಕ್ಯಾಬಿನೆಟ್, ಪ್ರೊಸೆಸರು, ರ‍್ಯಾಮ್‌ಗಳನ್ನು ಪರೀಕ್ಷಿಸಿ ಕೊಳ್ಳಬಹುದು. ಎಸ್‌ಎಂಪಿಎಸ್ ಒಂದನ್ನು ಮಾತ್ರ ಹೊಸದಾಗಿಯೇ, ವಾರಂಟಿಯೊಡನೆ ಕೊಳ್ಳಬೇಕು.

ಹೀಗೆ ಲೆಕ್ಕ ಹಾಕಿ ಕಟ್ಟಿದ ಯಂತ್ರ ಆಟಕ್ಕಷ್ಟೇ ಸೀಮಿತವಾದುದಲ್ಲ. ಗ್ರಾಫಿಕ್ಸ್ ಕಾರ್ಡಿನ ಸಾವಿರಾರು ಕೈಗಳು ಹವಾಮಾನದ ಗಣಿತವನ್ನೂ ಅಣುಗಳ ಚಲನೆಯನ್ನೂ ಅದೇ ಉತ್ಸಾಹದಿಂದ ಲೆಕ್ಕ ಮಾಡುತ್ತವೆ. ಭಾಗಗಳು ಹಳತಾಗುತ್ತವೆ, ಹೆಸರುಗಳು ಬದಲಾಗುತ್ತವೆ. ನಿಧಾನವಾದುದು ಯಾವುದೆಂದು ಅಳೆದು ನೋಡಿ, ಅದಕ್ಕೆ ಮಾತ್ರ ಹಣ ಹಾಕುವ ವಿವೇಕ ಮುಂದಿನ ಕಂಪ್ಯೂಟರಿಗೂ ಬರುತ್ತದೆ. ಕಂಪ್ಯೂಟರಿಲ್ಲದ ಕೆಲಸಗಳಿಗೂ ಬರುತ್ತದೆ.

ಅಭ್ಯಾಸ

1. ಒಂದು ಆಟದಲ್ಲಿ 1920×1080ರ ಪರದೆಗೆ ಪ್ರೊಸೆಸರಿನ ಕಾಲ 8, ಕಾರ್ಡಿನ ಕಾಲ 12 ಮಿಲಿಸೆಕೆಂಡು. ಸೆಕೆಂಡಿಗೆ ಎಷ್ಟು ಚಿತ್ರಗಳು? ಕಾರ್ಡಿನ ಕಾಲವು ಚುಕ್ಕೆಗಳ ಸಂಖ್ಯೆಯಂತೆಯೇ ಏರುವುದೆಂದು ಹಿಡಿದರೆ 2560×1440ರಲ್ಲಿ ಎಷ್ಟು?

2. ಡಿಡಿಆರ್4-3200ರ ಒಂಟಿ ಪಟ್ಟಿಗಿಂತ ಆರ್‌ಎಕ್ಸ್ 6600ರ ಮೆಮೊರಿ ಎಷ್ಟು ಪಟ್ಟು ವೇಗದ್ದು?

3. ಗೋಡೆಯಿಂದ 300 ವಾಟ್ ಎಳೆಯುವ ಕಂಪ್ಯೂಟರನ್ನು ದಿನಕ್ಕೆ 2 ಗಂಟೆಯಂತೆ 30 ದಿನ ನಡೆಸಿದರೆ ಎಷ್ಟು ಯೂನಿಟ್?

ಉತ್ತರಗಳು: 1. ಸುಮಾರು 83, ಸುಮಾರು 47. 2. 8.75 ಪಟ್ಟು. 3. 18 ಯೂನಿಟ್.